ಸಿಂಟ್ಯಾಕ್ಸ್ ಪೇಪರು ಮತ್ತು ನನ್ನ ಮೊದಲ ಆಷಾಢ

ಜೂನ್ 24

ಇವತ್ತೂ ಸಿಂಟ್ಯಾಕ್ಸ್, ಅಂದರೆ ವಾಕ್ಯರಚನೆಯ ಕ್ಲಾಸಿನಲ್ಲಿ ಟ್ರೀ ಡಯಾಗ್ರಾಂ. ಪುಟ್ಟ ಇಂಗ್ಲಿಷ್ ವಾಕ್ಯ, ಬೋರ್ಡಿನ ತುಂಬ ಕೊಂಬೆ! ಎಲ್‌ಕೆಜಿಯಿಂದ ಇಂಗ್ಲಿಷಿನಲ್ಲೇ ಜಗಳವಾಡಿದವಳು ನಾನು. ಆದರೆ 'ಡು ಯೂ ಲೈಕ್ ಕಾಫಿ' ಅನ್ನುವಾಗ ಆ 'ಡು' ಎಲ್ಲಿಂದ ಬಂತು ಎಂದು ಸಿಂಟ್ಯಾಕ್ಸ್ ಮೇಡಂ ಆಶಾರಾಣಿ ಕೇಳಿದರೆ ಸುಮ್ಮನೆ ನೋಟ್‌ಬುಕ್ ತಿರುವಿಹಾಕತೊಡಗಿದೆ. "ಮಾತಾಡೋದು ಬೇರೆ ಹರ್ಷಿತಾ, ಅದು ಹೇಗೆ ಕಟ್ಟಿದೆ ಅಂತ ನೋಡೋದು ಬೇರೆ." ಇಂಟರ್ನಲ್‌ನಲ್ಲಿ ಇಪ್ಪತ್ತಕ್ಕೆ ಐದು. ಮದುವೆ ರಜೆಯಿಂದ ಅಟೆಂಡೆನ್ಸೂ ಕಮ್ಮಿ. ಇನ್ನು ಮೂರು ಕ್ಲಾಸ್ ತಪ್ಪಿದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಎಂ.ಎ. ಒಂದು ವರ್ಷ ಹಿಂದಕ್ಕೆ.

ಆದರೂ... ಸಂಜೆ ಗೇಟಿನಲ್ಲಿ ಮುರಳಿ, ಬೈಕ್! ನನ್ನ ಗಂಡ — ಹಾಗೆ ಬರೆಯುವುದಕ್ಕೇ ಇನ್ನೂ ನಗು. ಜಡಿಗೇನಹಳ್ಳಿಯ ಮನೆಯವರೆಗೂ ಅವನ ಬೆನ್ನಿನ ಮೇಲೆ ಬೆರಳಿನಿಂದ ಟ್ರೀ ಬರೆದೆ. "ಏಯ್, ಕಚಗುಳಿ ಆಗ್ತದೆ ಕಣೇ, ಬಿದ್ಬಿಡ್ತೀವಿ!"

ಜೂನ್ 25

ನಾಳೆಯಿಂದ ಆಷಾಢ. ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದಂತೆ. ಗಂಡನ ಜೊತೆಗೂ ಇರಬಾರದಂತೆ. ಸೊಸೆ ತವರಿಗೆ. ನನ್ನ ತವರು ಶಿವಗಂಗೆಯ ಬುಡದಲ್ಲಿ, ಕಾಲೇಜು ಹೊಸಕೋಟೆಯಲ್ಲಿ — ಜಿಲ್ಲೆಯ ಆ ತುದಿ, ಈ ತುದಿ! ಅತ್ತೆಗೆ ಕ್ಲಾಸಿನ ಕಷ್ಟ ಹೇಳಿ ನೋಡಿದೆ. ಸೊಪ್ಪು ಬಿಡಿಸುತ್ತಿದ್ದರು, ತಲೆ ಎತ್ತಲಿಲ್ಲ. "ಎಲ್ಲಾ ಹೆಣ್ಮಕ್ಳೂ ಹೋಗ್ತಾರೆ. ನೀನೊಬ್ಳೇನಾ?"

ಬ್ಯಾಗ್ ಕಟ್ಟಿದೆ.

ಜುಲೈ 1, ಬಸ್ಸಿನಲ್ಲಿ

ಡಾಬಸ್‌ಪೇಟೆಗೊಂದು ಬಸ್, ಮೆಜೆಸ್ಟಿಕ್‌ಗೊಂದು, ಹೊಸಕೋಟೆಗೊಂದು. ಕೆ.ಆರ್. ಪುರದ ಟ್ರಾಫಿಕ್ಕಿನಲ್ಲಿ ಬಸ್ ನಿಂತೇ ಇದೆ. ಸಬಾರ್ಡಿನೇಟ್ ಕ್ಲಾಜ್, ಅಂದರೆ ಅಧೀನ ಉಪವಾಕ್ಯ, ಓದುತ್ತಿದ್ದೇನೆ. ಒಂದು ವಾಕ್ಯದೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು... ಓ ಗಾಡ್, ಮೊದಲ ಪೀರಿಯಡ್ಡೇ ಸಿಂಟ್ಯಾಕ್ಸ್. ಹೋಗೋ ಮಾರಾಯ, ಹೋಗು!

ಸಂಜೆ. ನಾನು ತಲುಪುವಷ್ಟರಲ್ಲಿ ಕ್ಲಾಸಿನ ಬಾಗಿಲು ಹಾಕಿತ್ತು.

ಜುಲೈ 4

ಮತ್ತೆ ತಡ. "ಇನ್ನೊಂದೇ ಒಂದು ಕ್ಲಾಸ್ ತಪ್ಪಿದ್ರೂ ನನ್ನ ಕೈಲಿ ಏನೂ ಆಗಲ್ಲಮ್ಮ," ಎಂದರು ಮೇಡಂ. ಹಾಸ್ಟೆಲಿನಲ್ಲಿ ಜಾಗ ಇಲ್ಲ, ಕೇಳಿ ಬಂದೆ. ವಾಶ್‌ರೂಮಿನಲ್ಲಿ ನಿಂತು ಅತ್ತುಬಿಟ್ಟೆ. ಮುರಳಿಗೆ ಫೋನ್.

"ಅಮ್ಮಂಗೆ ಹೇಳ್ತೀನಿ."

"ಬೇಡ ಕಣೋ. ಬಂದು ಎರಡು ತಿಂಗಳಾಗಿಲ್ಲ, ಶಾಸ್ತ್ರ ಮುರೀತಾಳೆ ಅಂತಾರೆ."

"ಮತ್ತೆ ಏನ್ ಮಾಡ್ತೀಯಾ?"

ಗೊತ್ತಿಲ್ಲ. ಗೊತ್ತಿಲ್ಲ. ಗೊತ್ತಿಲ್ಲ.

ಜುಲೈ 6

ಅತ್ತೆಯದೇ ಫೋನ್!

"ಅಳ್ತಿದ್ಯಂತೆ?"

"ಇಲ್ಲ ಅತ್ತೆ..."

"ಸುಳ್ಳು. ಮುರಳಿ ಎಲ್ಲಾ ಹೇಳ್ದ. ಇಬ್ರೂ ಒಂದೇ ಹೊಸ್ಲು ದಾಟ್ಬಾರ್ದು, ಅಷ್ಟು ತಾನೇ? ಸೊಸೇನೇ ಹೋಗ್ಬೇಕು ಅಂತ ಯಾರ್ ಹೇಳಿದ್ದು? ನೀನು ಬಾ. ನಾನು ನಲ್ಲೂರಿಗೆ ಹೋಗ್ತೀನಿ, ನಮ್ಮಣ್ಣನ ಮನೇಗೆ."

ಕಿರುಚಿಬಿಟ್ಟೆ. ಅಮ್ಮ ಏನಾಯಿತೋ ಎಂದು ಓಡಿ ಬಂದಳು.

"ಕುಣೀಬೇಡ. ಮುರಳಿನೂ ಕರ್ಕೊಂಡ್ ಹೋಗ್ತೀನಿ. ಅದೂ ಶಾಸ್ತ್ರವೇ."

ಜುಲೈ 7

ನಾನು ಬರುವುದರೊಳಗೆ ಅತ್ತೆ ಮನೆ ಬಿಟ್ಟು ಎದುರುಮನೆ ಭಾಗ್ಯಮ್ಮನ ಜಗಲಿಯಲ್ಲಿ ಬ್ಯಾಗ್ ಇಟ್ಟುಕೊಂಡು ಕೂತಿದ್ದರು. ರಸ್ತೆಯ ಆಚೆಯಿಂದಲೇ ಕೂಗಿದರು: "ಹಾಲು ಕಾಯ್ಸಿದೀನಿ. ಮುದ್ದೆ ಬರ್ಲಿಲ್ಲಾಂದ್ರೆ ಮಾವಂಗೆ ಅನ್ನ ಹಾಕು, ಗಂಟುಗಂಟು ತಿನ್ನಿಸ್ಬೇಡ!"

ಭಾಗ್ಯಮ್ಮ ನಕ್ಕರು. "ಏನ್ ಮುತ್ಯಾಲಮ್ಮ, ಈ ವಯಸ್ಸಲ್ಲಿ ತವರಿಗಾ? ಸೊಸೆ ಮನೇಲಿ, ಅತ್ತೆ ಬೀದೀಲಿ!"

"ನನ್ ಸೊಸೆ ಎಂ.ಎ. ಪರೀಕ್ಷೆ ಬರೀತಾಳೆ ಕಣೇ. ನಿನ್ ಸೊಸೆ ಬರೀತಾಳಾ?"

ಬೈಕ್ ಹೊರಟಿತು. ಮುರಳಿ ತಿರುಗಿ ನೋಡಿದ. ಹಿಂದಿನಿಂದ ಅತ್ತೆ ಅವನ ತಲೆ ಹಿಡಿದು ಮುಂದಕ್ಕೆ ತಿರುಗಿಸಿದರು.

ಜುಲೈ 18

ಒಂದು ಕ್ಲಾಸೂ ತಪ್ಪಲಿಲ್ಲ. ಹಾಲ್ ಟಿಕೆಟ್ ಸಿಕ್ಕಿತು! ಆದರೆ ಸಿಂಟ್ಯಾಕ್ಸ್ ತಲೆಗೆ ಹೋಗಿಲ್ಲ. ಹೋಗಿಯೇ ಇಲ್ಲ. ಮಾಡೆಲ್ ಟೆಸ್ಟಿನಲ್ಲಿ ಇಪ್ಪತ್ತಕ್ಕೆ ಆರು. ಅತ್ತೆ ದಿನವೂ ಸಂಜೆ ಫೋನ್ ಮಾಡುತ್ತಾರೆ. "ಉಂಡ್ಯಾ? ಆ ಮರ ಬರ್ಯೋದು ಬಂತಾ?" ಬಂತು ಅತ್ತೆ, ಎಂದೆ. ಎಂಥ ಸುಳ್ಳು... ಫೋನಿಟ್ಟು ಮತ್ತೆ ಬರೆದೆ. ಕೊಂಬೆಗಳು ಒಂದರ ಮೇಲೊಂದು ಹಾಯ್ದವು. ಹಾಯಬಾರದು.

ಜುಲೈ 21, ಬೆಳಿಗ್ಗೆ

ಹತ್ತಕ್ಕೆ ಪರೀಕ್ಷೆ. ಮುರಳಿ ಫೋನಿನಲ್ಲಿ ಆಲ್ ದಿ ಬೆಸ್ಟ್ ಹೇಳುತ್ತ ಬಾಯಿ ಬಿಟ್ಟ. ಅತ್ತೆಗೆ ನಲ್ಲೂರಿನಲ್ಲಿ ದಿನವೂ ಅಣ್ಣನ ಹೆಂಡತಿಯ ಕುಟುಕಂತೆ. "ಸೊಸೆ ಎರಡೇ ತಿಂಗ್ಳಿಗೆ ಮನೆಯಿಂದ ಓಡಿಸ್ಬಿಟ್ಳಾ?" ಅತ್ತೆ ತಿರುಗಿ ಒಂದೇ ಮಾತು ಅಂದರಂತೆ: "ಅವಳು ಪಾಸಾಗ್ಲಿ, ಆಮೇಲ್ ಮಾತಾಡು."

ಯಾಕೆ ಹೇಳಿದೆ ಮುರಳಿ, ಇವತ್ತೇ ಯಾಕೆ...

ಮಾವ ಸ್ಕೂಟರ್ ಸ್ಟಾರ್ಟ್ ಮಾಡಿದ್ದಾರೆ, ಕರೆಯುತ್ತಿದ್ದಾರೆ. ಇಷ್ಟು ದಿನ ಫೇಲಾದರೆ ನಾನೊಬ್ಬಳು ಫೇಲ್ ಎಂದುಕೊಂಡಿದ್ದೆ. ಈಗ ಫೇಲಾದರೆ, ನಲ್ಲೂರಿನ ಅಡುಗೆಮನೆಯಲ್ಲಿ ಆ ಹೆಂಗಸಿನ ಎದುರು ಅತ್ತೆ ಒಬ್ಬರೇ ತಲೆ ತಗ್ಗಿಸಿ —