ಡೆಲ್ಬರ್ಟ್ ಹೇಳಿದ ಬಲಗಡೆ

ಜೂನ್ 3, ಮಂಗಳವಾರ

ಲೈಫ್ ಜಾಕೆಟ್ ಹದಿನಾಲ್ಕು, ತೊಳೆದು ಹರವಿದೆ. ಯೂಟಾದ ಬಿಸಿಲು, ಹತ್ತು ನಿಮಿಷಕ್ಕೆ ಗರಿಗರಿ. ಒಂದು ರಾಫ್ಟ್, ಅದೇ ರಬ್ಬರ್ ದೋಣಿ, ಗಾಳಿ ಬಿಡುತ್ತಿದೆ. ನಾಳೆ ತೇಪೆ ಹಾಕಬೇಕು.

ಶನಿವಾರ ನದಿಯಲ್ಲಿ ಇಡೀ ದಿನದ ಟ್ರಿಪ್, ಕಣಿವೆ ಪೂರ್ತಿ. ಎರಡು ರಾಫ್ಟ್. ಮುಂದಿನದು ನನಗೆ ಕೆಲಸ ಕಲಿಸಿದ ಹಳೇ ಗೈಡ್ ಡೆಲ್ಬರ್ಟ್‌ದು, ಹಿಂದಿನದು ನನ್ನದು. ಮೊದಲ ಸಲ ಪ್ರವಾಸಿಗರನ್ನು ಕೂರಿಸಿಕೊಂಡು ನಾನೇ ಹುಟ್ಟು ಹಾಕುವುದು. ಖುಷಿಯೋ ಭಯವೋ ಗೊತ್ತಾಗುತ್ತಿಲ್ಲ.

ಜೂನ್ 4, ಮಧ್ಯಾಹ್ನ

ತಲೆ ಕೆಟ್ಟಿದೆ.

ಕಣಿವೆಯ ನಡುವೆ ‘ಕತ್ತೆ ಒದೆತ’ ಇದೆಯಲ್ಲ, ನೀರು ಧುಮುಕುವ ಜಾಗ. ಹೋದ ವರ್ಷ ಅಲ್ಲಿಗೆ ಮನೆಯಷ್ಟು ಬಂಡೆ ಉರುಳಿದೆ. ಈಗ ಒಂದು ಪಕ್ಕ ದಾರಿ, ಇನ್ನೊಂದು ಪಕ್ಕ ಸುಳಿ. ಡೆಲ್ಬರ್ಟ್ ತೇಪೆಗೆ ಅಂಟು ಸವರುತ್ತಾ, “ಬಂಡೆಯ ಬಲಕ್ಕೆ ಹೋಗ್ಬೇಕು ಮರಿ. ಎಡಕ್ಕೆ ಹೋದ್ಯೋ, ಕಥೆ ಮುಗೀತು” ಅಂದರು.

ನನ್ನ ನೋಟ್‌ಬುಕ್ಕಿನಲ್ಲಿ ದಾರಿ ಎಡಕ್ಕಿದೆ! ಹೋದ ತಿಂಗಳು ತರಬೇತಿಯ ದಿನ ಕಣ್ಣಾರೆ ನೋಡಿ ಬರೆದ ಚಿತ್ರ.

“ಡೆಲ್, ಎಡ ಅಲ್ವಾ?”

“ನಿನ್ ತಲೆ,” ಅಂದು ನಕ್ಕರು.

ಅವರಿಗೆ ಅರವತ್ತೆಂಟು ವರ್ಷ. ನಿನ್ನೆ ಪಂಪ್ ಎಲ್ಲಿ ಅಂತ ಮೂರು ಸಲ ಕೇಳಿದರು. ಕಾಲ ಬುಡದಲ್ಲೇ ಇತ್ತು. ಮರೆವು ಶುರುವಾಯಿತಾ?

ಜೂನ್ 5, ಗುರುವಾರ

ಡೆಲ್ಬರ್ಟ್ ಮರೆವಿನ ವಿಷಯ ಮಾರ್ವಾಗೆ ಹೇಳಿಬಿಟ್ಟೆ. ಕಂಪನಿ ಅವರದು, ಆದರೆ ಮಂಡಿನೋವು. ಎರಡು ವರ್ಷದಿಂದ ನದಿಗೆ ಇಳಿದಿಲ್ಲ, ಹೊಸ ಬಂಡೆ ನೋಡಿಲ್ಲ. ನನ್ನ ಚಿತ್ರವನ್ನೇ ನಂಬಿದರು.

“ಈ ಶನಿವಾರ ಬೇಡ ಡೆಲ್. ಡಾಕ್ಟರ್‌ಗೆ ತೋರಿಸ್ಕೊಂಡು ಬಾ,” ಅಂದರು ಮಾರ್ವಾ.

ಡೆಲ್ಬರ್ಟ್ ಜಗಳವಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಶೆಡ್ಡಿಗೆ ಬಂದು ತಮ್ಮ ಮರದ ಹುಟ್ಟುಗಳನ್ನು ನನ್ನ ರಾಫ್ಟಿನ ಮೇಲಿಟ್ಟರು. ಅವನ್ನು ಇದುವರೆಗೆ ಯಾರಿಗೂ ಮುಟ್ಟಲು ಬಿಟ್ಟಿಲ್ಲ.

“ನಿನ್ನವು ಗಿಡ್ಡ ಆಗ್ತವೆ. ಇವನ್ನ ತಗೋ.”

ತಗೊಂಡೆ. ಯಾಕೆ ತಗೊಂಡೆ…

ಜೂನ್ 6, ಶುಕ್ರವಾರ, ರಾತ್ರಿ ಹನ್ನೊಂದು ಗಂಟೆ

ಐಸ್ ಪೆಟ್ಟಿಗೆಗೆ ಟರ್ಕಿ ಕೋಳಿ ಮಾಂಸ, ಟಾರ್ಟಿಯಾ ರೊಟ್ಟಿ, ಕಲ್ಲಂಗಡಿ. ಕುಡಿಯುವ ನೀರು ಆರು ಕ್ಯಾನ್. ಕಣಿವೆಯಲ್ಲಿ ಬೇಕಾಗುವ ಟಾಯ್ಲೆಟ್ ಡಬ್ಬವನ್ನು ಹಗ್ಗ ಹಾಕಿ ಬಿಗಿದೆ.

ಡೆಲ್ಬರ್ಟ್ ಬದಲಿಗೆ ಪಕ್ಕದೂರಿನಿಂದ ಹೈರಮ್ ಅಂತ ಒಬ್ಬ ಗೈಡ್ ಬಂದಿದ್ದಾನೆ. ಅವನಿಗೂ ಹೊಸ ಬಂಡೆ ಗೊತ್ತಿಲ್ಲ. ನೋಟ್‌ಬುಕ್ ತೋರಿಸಿದೆ.

“ಇದ್ರಲ್ಲಿ ನೀರು ಯಾವ ಕಡೆ ಹರೀತಿದೆ?” ಅಂದ.

ಚಿತ್ರವನ್ನು ಮತ್ತೆ ನೋಡಿದೆ. ಅವತ್ತು ನೀರು ಧುಮುಕುವ ಜಾಗ ದಾಟಿ, ಕೆಳಗೆ ದಡದಲ್ಲಿ ಊಟಕ್ಕೆ ಕೂತಾಗ ಬರೆದದ್ದು. ಮೇಲಕ್ಕೆ ನೋಡುತ್ತಾ, ಬರುವ ನೀರಿಗೆ ಮುಖ ಮಾಡಿ. ನದಿಯಲ್ಲಿ ಎಡ ಬಲ ಅಂದರೆ ಯಾವಾಗಲೂ ನೀರು ಹೋಗುವ ದಿಕ್ಕಿಗೆ. ಮೊದಲ ದಿನ ಡೆಲ್ಬರ್ಟ್ ಹೇಳಿಕೊಟ್ಟ ಪಾಠವೇ ಇದು. ನನ್ನ ಎಡ, ನದಿಯ ಬಲ.

ಹೈರಮ್ ನಕ್ಕುಬಿಟ್ಟ. “ಹಾಗಾದ್ರೆ ಬಲ. ಯಾರಿಗೂ ಹೇಳಲ್ಲ, ಬಿಡು.”

ಬಿಡಬಹುದು. ನಾಳೆ ಎಲ್ಲರೂ ಬಲಕ್ಕೇ ಹೋಗಿ ಕ್ಷೇಮವಾಗಿ ದಾಟುತ್ತೇವೆ. ಡೆಲ್ಬರ್ಟ್ ಮಾತ್ರ ಮರೆಗುಳಿಯಾಗಿ ಮನೆಯಲ್ಲಿ ಉಳಿಯುತ್ತಾರೆ. ಹೇಳಿದರೆ ನನಗೆ ಮತ್ತೆ ಯಾರು ರಾಫ್ಟ್ ಕೊಡುತ್ತಾರೆ? ನನಗೆ ನನ್ನ ಮೇಲೇ ಅಸಹ್ಯ.

ಜೂನ್ 7, ಶನಿವಾರ, ಬೆಳಿಗ್ಗೆ ಆರೂವರೆ

ಮಾರ್ವಾಗೆ ಎಲ್ಲ ಹೇಳಿದೆ. ನದಿಗೆ ಹೊರಟಿದ್ದ ಬಸ್ಸನ್ನು ಡೆಲ್ಬರ್ಟ್ ಮನೆಯತ್ತ ತಿರುಗಿಸಿದರು.

ಅವರ ಹುಟ್ಟು ಎತ್ತಿಕೊಂಡು ಹೋಗಿ ಬಾಗಿಲು ತಟ್ಟಿದೆ. ಬಾಗಿಲು ತೆಗೆದ ಡೆಲ್ಬರ್ಟ್ ಶೇವ್ ಮಾಡಿರಲಿಲ್ಲ. ನಿಂತಲ್ಲೇ ಒದರಿದೆ — ನೀವು ಹೇಳಿದ್ದೇ ಸರಿ, ಚಿತ್ರ ಉಲ್ಟಾ, ತಪ್ಪು ನನ್ನದು.

“ಇಲ್ಲ ಮರಿ,” ಅಂದರು, ಮೆಲ್ಲಗೆ. “ಎರಡು ದಿನದಿಂದ ಕಣ್ಮುಚ್ಚಿ ಆ ಬಂಡೆ ನೆನೆಸ್ಕೊಳ್ತಿದೀನಿ. ದಾರಿ ಒಂದ್ಸಲ ಬಲಕ್ಕೆ ಕಾಣತ್ತೆ, ಒಂದ್ಸಲ ಎಡಕ್ಕೆ. ನೀನು ಹೇಳಿದ್ದೇ ನಿಜ ಇರ್ಬೇಕು.”

“ಅಲ್ಲ ಡೆಲ್! ಇಲ್ಲಿ ನೋಡಿ…”

ನೋಟ್‌ಬುಕ್ ನೋಡಲೇ ಇಲ್ಲ. “ಪಾಪ ಅಂತ ಹೇಳ್ತಿದೀಯ ನೀನು. ಒಳ್ಳೆ ಹುಡುಗಿ.” ನನ್ನ ಭುಜ ತಟ್ಟಿ ಒಳಗೆ ಹೋದರು.

ನಲವತ್ತು ವರ್ಷ ಅವರದಾಗಿದ್ದ ನದಿ. ಎರಡು ದಿನದಲ್ಲಿ ಕಸಿದುಬಿಟ್ಟೆ.

ಈಗ ಬಸ್ಸಿನಲ್ಲಿದ್ದೇನೆ. ಹುಟ್ಟು ಅವರ ಮೆಟ್ಟಿಲ ಮೇಲಿದೆ. ಐದು ನಿಮಿಷ ಕಾಯೋಣ ಅಂದಿದ್ದಾರೆ ಮಾರ್ವಾ. ನಾಲ್ಕಾಯಿತು. ಹೈರಮ್ ಗಡಿಯಾರ ನೋಡುತ್ತಿದ್ದಾನೆ.

ಬಾಗಿಲು ತೆರೆಯಿತು. ಡೆಲ್ಬರ್ಟ್. ಬಗ್ಗಿದರು… ಹುಟ್ಟನ್ನು ಕೈಗೆ ತಗೊಂಡರು. ಬಸ್ಸಿನ ಕಡೆ ನೋಡುತ್ತಾರೆ, ಮನೆಯ ಕಡೆ ನೋಡುತ್ತಾರೆ. ಯಾವ ಕಡೆಗೆ ಹೆಜ್ಜೆ ಇಡುತ್ತಾರೋ…