ಬೇರೆ ಇಟ್ಟ ಬುರುಡೆ

ಪಾಸೊ ಹೊಂದೊ, ತಕುವರೆಂಬೊ
೯ ಅಕ್ಟೋಬರ್ ೧೯೯೬

ಪ್ರೀತಿಯ ಅದೆಮಾರ್,

ನಾನೂ ಕೋಳಿಗಳೂ ಚೆನ್ನಾಗಿದ್ದೇವೆ. ದಿನವಿಡೀ ಬಗ್ಗಿ ಕುರಿ ಉಣ್ಣೆ ಕತ್ತರಿಸಿ ನಿನ್ನ ಸೊಂಟ ಏನಾಗಿದೆಯೋ. ಗಂಟಲು ಹೇಗಿದೆ ಎಂದು ಮಾತ್ರ ಕೇಳುವುದಿಲ್ಲ, ಕೇಳಿದರೆ ಸುಳ್ಳು ಹೇಳುತ್ತೀಯ.

ಭಾನುವಾರ ಮನೆಗೆ ಬಂದಿದ್ದಾಗ ನೀನು ಮಾಂಸ ಅಗಿದು ಅಗಿದು ಮೇಜಿನ ಕೆಳಗೆ ನಾಯಿಗೆ ಹಾಕಿದ್ದನ್ನು ನೋಡಿದೆ. ನಾಯಿಗೇನು, ಹಬ್ಬ. ಆಮೇಲೆ ಎಂದಿನಂತೆ ಒಂದೇ ಸೋರೆಬುರುಡೆಯಿಂದ ಸರದಿಯಲ್ಲಿ ಬಿಸಿ ಮಾಟೆ ಕಷಾಯ ಹೀರಲು ಕುಳಿತೆವು. ಎರಡನೇ ಸುತ್ತಿಗೇ ನೀನು ಬುರುಡೆ ನನ್ನ ಕೈಗಿಟ್ಟು ‘ಗ್ರಾಸಿಯಾಸ್’ ಅಂದೆ. ವಂದನೆ, ಇನ್ನು ಸಾಕು ಎಂಬ ಆ ಮಾತು ಹೇಳಿದವನಿಗೆ ಬುರುಡೆ ಮತ್ತೆ ಬರುವುದಿಲ್ಲ. ಹಾಗಾಗಿಯೇ ಇಷ್ಟು ವರ್ಷ ಕೆಟಲ್ ಖಾಲಿಯಾಗುವವರೆಗೂ ನಿನ್ನ ಬಾಯಲ್ಲಿ ಅದು ಬಂದದ್ದೇ ಇಲ್ಲ. ನಿನ್ನಪ್ಪನಿಗೂ ಹೀಗೇ ಶುರುವಾಗಿತ್ತು.

ನೀನು ಯಾಕೆ ಮುಚ್ಚಿಡುತ್ತೀಯ ಎಂದು ಗೊತ್ತು. ಮಾವನಿಗೆ ಕ್ಯಾನ್ಸರ್ ಎಂದು ಗೊತ್ತಾದ ದಿನವೇ ಊರಿನವರು ಅವರ ಬುರುಡೆ, ಹೀರುವ ಕೊಳವೆ ಬೇರೆ ಇಟ್ಟರು. ಎಂಜಲಿನಿಂದ ಹತ್ತುತ್ತದೆಯಂತೆ. ‘ನನ್ನನ್ನು ಬದುಕಿದ್ದಾಗಲೇ ಹೂತಿಟ್ರಲ್ಲೇ ಸುಲ್ಮಾ’ ಅಂದಿದ್ದರು. ಆ ಮಾತು ನನಗೆ ಈಗಲೂ ಮುಳ್ಳು.

ಸೋಮವಾರ ಆರೋಗ್ಯ ಕೇಂದ್ರಕ್ಕೆ ಹೋಗಿ ನರ್ಸ್ ಮಿರ್ತಾ ಹತ್ತಿರ ಎಲ್ಲ ಹೇಳಿಕೊಂಡೆ. ಈ ಸೀಮೆಯಲ್ಲಿ ಅನ್ನನಾಳದ ಕ್ಯಾನ್ಸರ್ ಜಾಸ್ತಿಯಂತೆ. ಸುಡುಸುಡು ನೀರನ್ನು ವರ್ಷಗಟ್ಟಲೆ ಹಾಗೇ ಹೀರುವುದು, ಮೇಲೆ ಹೊಗೆಸೊಪ್ಪು, ಸಾರಾಯಿ. ‘ನಿಮ್ಮ ಗಂಡಸರಿಗೆ ನಾಲಿಗೆ ಸುಡದಿದ್ರೆ ಅದು ಮಾಟೆನೇ ಅಲ್ಲ’ ಎಂದು ಬೈದರು. ಎಂಜಲಿನಿಂದ ಹರಡುವ ಕಾಯಿಲೆ ಖಂಡಿತ ಅಲ್ಲವಂತೆ. ತುತ್ತು ಸಿಕ್ಕಿಕೊಳ್ಳುವುದೆಲ್ಲ ಕ್ಯಾನ್ಸರೂ ಅಲ್ಲ, ಆದರೆ ಒಳಗೆ ನಳಿಕೆ ಇಳಿಸಿ ನೋಡದೆ ಹೇಳಲಾಗುವುದಿಲ್ಲ, ಬೇಗ ಬಂದರೆ ಮಾಡಲು ದಾರಿಗಳಿವೆ ಎಂದರು. ಮಾವ ಹೋಗುವಷ್ಟರಲ್ಲಿ ನೀರೂ ಇಳಿಯುತ್ತಿರಲಿಲ್ಲ. ನನಗೆ ಭಯವಾಗುತ್ತಿದೆ, ಅದೆಮಾರ್. ಕೋಪವೂ ಬರುತ್ತಿದೆ. ಎಲುಬು ಚುಚ್ಚಿತು ಅನ್ನುತ್ತೀಯಲ್ಲ, ಎರಡು ತಿಂಗಳು ಚುಚ್ಚುವ ಎಲುಬು ಯಾವ ಕುರಿಯದ್ದು?

ಶುಕ್ರವಾರ ಬೆಳಿಗ್ಗೆ ಪಟ್ಟಣದ ಆಸ್ಪತ್ರೆಯಲ್ಲಿ ನಿನ್ನ ಹೆಸರು ಬರೆಸಿದ್ದೇನೆ. ಉಣ್ಣೆ ಒಂದು ವಾರ ಕುರಿಯ ಮೈಮೇಲೇ ಇರಲಿ, ಅದಕ್ಕೇನೂ ಚಳಿಯಾಗುವುದಿಲ್ಲ.

ಕನ್ಯೆ ಮರಿಯಮ್ಮ ನಿನ್ನನ್ನು ಕಾಯಲಿ. ಉಣ್ಣೆ ಕತ್ತರಿಸುವ ನಿಮ್ಮ ಗುಂಪಿನವರಿಗೆಲ್ಲ ನನ್ನ ನಮಸ್ಕಾರ.

ನಿನ್ನ
ಸುಲ್ಮಾ

ಮರೆತಿದ್ದೆ: ಈ ಕಾಗದ ನಿನಗೆ ತರುವ ಲಾರಿಯ ನೆಲ್ಸನ್ ಹೊರಗೆ ಹಾರನ್ ಹೊಡೆಯುತ್ತಿದ್ದಾನೆ. ಅವನ ಜೊತೆಗೇ ಹೊರಟು ಬಾ. ಗುಂಪಿನವರು ನಿನ್ನ ಬುರುಡೆ ಬೇರೆ ಇಡಬಾರದೆಂದು, ಕ್ಯಾನ್ಸರ್ ಇರಬಹುದು ಅಂತಿರೋದು ನನಗೆ, ಅದಕ್ಕೇ ನಿನ್ನನ್ನು ಕರೆಸುತ್ತಿದ್ದೇನೆ ಎಂದು ಅವನಿಗೆ ಸುಳ್ಳು ಹೇಳಿದೆ. ಅದನ್ನು ಹೇಳಿದ ಮೇಲೆ ಅವನಿಗೆ ಮಾಟೆ ಕೊಟ್ಟೆ. ಒಂದು ಗುಟುಕೂ ಕುಡಿಯದೆ ‘ಗ್ರಾಸಿಯಾಸ್’ ಅಂದು ಹೋಗಿ ಲಾರಿ ಹತ್ತಿದ. ನಾಳೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಬೇಗ ಬಾ, ನನ್ನ ಜೊತೆ ಕುಡಿಯಲು ಇನ್ನು ನೀನೊಬ್ಬನೇ.