ಅಕ್ಕನ ತರಗತಿಗೆ ನನ್ನ ಬೆನ್ನು

ಮನೆಯಿಂದ,
ಭಾನುವಾರ ಮಧ್ಯಾಹ್ನ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಕ್ಕಾ,

ಹೇಗಿದ್ದೀಯೆ? ಕಾಲಿನ ಊತ ಇಳಿಯಿತೇ? ಡಯಾಲಿಸಿಸ್ ಮುಗಿಸಿ ಬಂದ ದಿನ ತಲೆ ಸುತ್ತುವುದು ಕಡಿಮೆಯಾಯಿತೇ? ನೀರನ್ನು ಅಳತೆಯಲ್ಲೇ ಕುಡಿಯುತ್ತಿದ್ದೀಯೋ, ಇಲ್ಲ ಮಗಳ ಕಣ್ಣು ತಪ್ಪಿಸಿ ಇನ್ನೊಂದು ಲೋಟ ಇಳಿಸುತ್ತಿದ್ದೀಯೋ? ನಿನ್ನ ಕಳ್ಳಾಟ ನನಗೆ ಗೊತ್ತಿಲ್ಲದ್ದೇ! ಇನ್ನು ಸುದ್ದಿ. ನಾಟಕದವನು ಕೊನೆಯ ಅಂಕವನ್ನು ಮೊದಲೇ ಹೇಳಬಾರದು, ಆದರೆ ನಿನ್ನ ರಕ್ತದೊತ್ತಡ ನೆನೆದು ಹೇಳಿಬಿಡುತ್ತೇನೆ: ಗೆದ್ದೆವು ಅಕ್ಕಾ, ಗೆದ್ದೆವು! ನಿನ್ನೆ ರಾತ್ರಿ ಬಹಳ ದಿನಗಳ ಮೇಲೆ ನಾನು ಗೊರಕೆ ಹೊಡೆದು ಮಲಗಿದೆನಂತೆ. ಪಕ್ಕದ ಮನೆಯವರು ಬೆಳಗ್ಗೆ ಬಂದು ದೂರು ಕೊಟ್ಟುಹೋದರು.

ನೀನು ಕಟ್ಟಿದ ನೃತ್ಯ ತರಗತಿಯನ್ನು ನನ್ನ ತಲೆಗೆ ಕಟ್ಟಿ ಹೊರಟಾಗ, ಇನ್ನು ತಿರುಗಿ ಬರುವುದಿಲ್ಲವೆಂದು ನಿನ್ನ ಮನಸ್ಸಿನಲ್ಲಿದ್ದದ್ದು ನನಗೆ ತಿಳಿಯದೇ? ಕಿಡ್ನಿ ರೋಗಿಗಳನ್ನು ಆಸ್ಪತ್ರೆಗೆ ಮುಟ್ಟಿಸುತ್ತಿದ್ದ ವ್ಯಾನಿನ ಇಂಜಿನ್ನು ಕೈಕೊಟ್ಟಿತು. ಬೇರೆಯವರಿಗೋಸ್ಕರ ಕುಣಿದು ಕುಣಿಸಿ, ಬಂದ ದುಡ್ಡಿನಲ್ಲಿ ಆ ವ್ಯಾನು ನಡೆಸುತ್ತಿದ್ದವಳು ನೀನು. ಕೊನೆಗೆ ನಿನಗೇ ಅದು ಬೇಕಾದ ಹೊತ್ತಿಗೆ ನಿಂತುಹೋಗಿ, ಆಸ್ಪತ್ರೆ ಹತ್ತಿರವಿದೆಯೆಂದು ಮಗಳ ಮನೆ ಸೇರಬೇಕಾಯಿತು. ಇಂಜಿನ್ನು ಬಂದರೆ ಅಕ್ಕ ಬರುತ್ತಾಳೆ, ಇಲ್ಲವಾದರೆ ಇಲ್ಲ. ನನಗೆ ಲೆಕ್ಕ ಇದ್ದದ್ದು ಇಷ್ಟೇ. ಇಂಜಿನ್ನಿಗೆ ದಾರಿಯೂ ಒಂದೇ: ನಮ್ಮ ವಾರ್ಷಿಕ ಪ್ರದರ್ಶನ ನೋಡಿದವರು ಮೆಚ್ಚಿ ಕಾಣಿಕೆ ಡಬ್ಬಿಗೆ ಹಾಕುವ ದುಡ್ಡು.

ಹೊರಡುವಾಗ ನೀನು ಬಾಗಿಲಲ್ಲಿ ನಿಂತು ಹೇಳಿದ್ದು ಕಿವಿಯಲ್ಲಿದೆ. "ಲೋ ಗುಡುಗು, ಕಲಿಯೋರಿಗೆ ಬೆನ್ನು ಮಾಡ್ಕೊಂಡು ನಿಂತು ಹೇಳ್ಕೊಡೋ. ಇಲ್ದಿದ್ರೆ ಎಲ್ಲಾ ಉಲ್ಟಾ ಆಗುತ್ತೆ." ನಾನೇನು ಅಂದೆ? "ನಟನಾದವನು ಸಭೆಗೆ ಬೆನ್ನು ತೋರಿಸೋದಾ? ಪ್ರಾಣ ಹೋದರೂ ಇಲ್ಲ!" ಅಂದೆ, ಅಂದಂತೆಯೇ ನಡೆದೆ. ನಿನ್ನ ಬೆನ್ನು ನೋಡಿ ಕಲಿತಿದ್ದ ಹಳೆಯ ತಂಡ ಬೆಳಗ್ಗೆ ನರ್ಸಮ್ಮನ ಉಸ್ತುವಾರಿಯಲ್ಲಿ ಕುಣಿಯಿತು. ಸಂಜೆ ಬರುವ ಹೊಸಬರಿಗೆ ನಾನು ಎದುರುಬದುರು ನಿಂತು, ಎದೆ ಸೆಟೆಸಿ, "ನನ್ನನ್ನೇ ನೋಡಿ!" ಎಂದು ಗರ್ಜಿಸಿ ಕಲಿಸಿದೆ. ನಾನು ಬಲಕ್ಕೆ ಹೋದರೆ ಅವರು ಕನ್ನಡಿಯ ಹಾಗೆ ಎಡಕ್ಕೆ. ಆಹಾ, ಎಷ್ಟು ಚೆನ್ನಾಗಿ ಹೊಂದುತ್ತಿದೆ ಎಂದು ನನಗೆ ನಾನೇ ಬೀಗಿದೆ! ತರಗತಿಯ ಹಾಲ್‌ನಲ್ಲಿ ಎರಡೂ ತಂಡಕ್ಕೆ ಒಟ್ಟಿಗೆ ಜಾಗ ಸಾಲದು. ಹಾಡು ಒಂದೇ, ಹೆಜ್ಜೆ ಒಂದೇ, ಪ್ರದರ್ಶನದ ದಿನ ಸೇರಿಸಿದರಾಯಿತು ಎಂದುಕೊಂಡೆ.

ನಿನ್ನೆ ಸಂಜೆ ಪರದೆ ಎದ್ದಿತು. ರಂಗಮಂದಿರ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ, ಆ ವ್ಯಾನಿನಲ್ಲೇ ಡಯಾಲಿಸಿಸ್‌ಗೆ ಹೋಗುತ್ತಿದ್ದ ದರ್ಜಿಯಣ್ಣ ಕೈ ಮೇಲಿನ ಬ್ಯಾಂಡೇಜು ಮುಚ್ಚಿಕೊಂಡು ಕೂತಿದ್ದ. ಹಾಡು ಶುರುವಾಯಿತು. ನಿನ್ನವರು ಬಲಕ್ಕೆ ಹಾರಿದರು, ನನ್ನವರು ಎಡಕ್ಕೆ! ರಂಗದ ನಟ್ಟನಡುವೆ ನರ್ಸಮ್ಮನ ಮೊಣಕೈ ನನ್ನ ತಂಡದ ಬೇಕರಿಯವನ ಹೊಟ್ಟೆಗೆ ನಾಟಿತು. "ಎತ್ಲಾಗ್ ಹೋಗ್ತಿದ್ದೀರಾ ಮಾರಾಯ್ರೇ!" ಎಂದು ಆಕೆ, "ಮೇಷ್ಟ್ರು ಹೇಳ್ಕೊಟ್ಟಿದ್ದೇ ಈ ಕಡೆ ಕಣ್ರೀ!" ಎಂದು ಅವನು. ಸಭೆಯಲ್ಲಿ ಮೊದಲು ನಗು, ಆಮೇಲೆ ಗುಸುಗುಸು, ಹಿಂದಿನ ಸಾಲಿನಲ್ಲಿ ಕುರ್ಚಿ ಸರಿಯುವ ಸದ್ದು. ನನ್ನ ಕಣ್ಣಿಗೆ ಎದ್ದು ಹೋಗುತ್ತಿದ್ದದ್ದು ಸಭಿಕರಲ್ಲ ಅಕ್ಕಾ, ನೀನು.

ಪರದೆಯ ಮರೆಯಿಂದ ಧುಮುಕಿದೆ. ಎರಡೂ ತಂಡದ ಮುಂದೆ, ಸಭೆಗೆ ಮುಖ ಕೊಟ್ಟು ನಿಂತು, ಮೈಕಿಲ್ಲದೆ ಕೂಗಿದೆ: "ಎಲ್ಲರೂ ನನ್ನ ಬೆನ್ನು ನೋಡಿ!" ಬಲಕ್ಕೆ ಹೋದೆ. ಹಿಂದೆ ಎಲ್ಲರ ಪಾದವೂ ಒಟ್ಟಿಗೆ ಬಲಕ್ಕೆ ಸರಿದ ಶಬ್ದ ಬಂತು ನೋಡು, ಅಂಥ ಸಂಗೀತವನ್ನು ನಾನು ಈ ಜನ್ಮದಲ್ಲಿ ಕೇಳಿಲ್ಲ! ಎದ್ದವರು ಕೂತರು. ಮುಗಿದಾಗ ಯಾರೋ "ಒನ್ಸ್ ಮೋರ್!" ಎಂದರು. ಜಗಳವೂ ಆಟದ ಭಾಗವೆಂದೇ ತಿಳಿದಿದ್ದರು, ಪುಣ್ಯಾತ್ಮರು! ಮತ್ತೊಮ್ಮೆ ಕುಣಿದಾಗ ಡಿಕ್ಕಿಯನ್ನೂ ಸೇರಿಸಿಯೇ ಕುಣಿದೆವು. ಬೇಕರಿಯವನು ಈ ಸಲ ಹೊಟ್ಟೆಗೆ ದಿಂಬು ಕಟ್ಟಿಕೊಂಡಿದ್ದ. ಡಬ್ಬಿ ತುಂಬಿತು. ಇಂಜಿನ್ನು ಬರುತ್ತದೆ.

ಮಗಳಿಗೆ ನನ್ನ ಆಶೀರ್ವಾದ, ಅಳಿಯನಿಗೆ ವಿಶ್ವಾಸ. ಮೆಕ್ಯಾನಿಕ್ಕು ಬಂದ ಹಾಗಿದೆ, ನಿಲ್ಲಿಸುತ್ತೇನೆ.

ನಿನ್ನ ತಮ್ಮ,
ಗುಡುಗು

ತಾ.ಕ.: ಹೋದ ವಾರ ಫೋನಿನಲ್ಲಿ "ಇನ್ನು ಕುಣಿಯೋಕಾಗಲ್ಲ, ಬಂದು ಏನ್ ಮಾಡ್ಲಿ" ಅಂದೆಯಲ್ಲ, ಅದಕ್ಕೆ ಉತ್ತರ ಕೇಳು. ರಿಪೇರಿಯಾದ ವ್ಯಾನು ಮೊದಲು ಬರುವುದು ನಿನ್ನ ಬಾಗಿಲಿಗೆ, ಚೀಲ ಕಟ್ಟಿಟ್ಟಿರು. ತರಗತಿಯ ಹಾಲ್‌ನ ಮೂಲೆಯಲ್ಲಿ ನಿನಗೊಂದು ಕುರ್ಚಿ ಹಾಕಿಸಿದ್ದೇನೆ. ನೀನು ಕೂತು ತಾಳ ಹಾಕು, ಬಾಯಿಗೆ ಬಂದ ಹಾಗೆ ಬೈ. ತೋರಿಸುವ ಬೆನ್ನು ನನ್ನದು.